ಕಾಪುವಿಗೆ ಕೊಟ್ಟ ಮಗಳು

ಉಚ್ಚಿಲ
ಆಟಿ ತಿಂಗಳು, 7 ಆಗಸ್ಟ್ 2025

ಪ್ರೀತಿಯ ಧನರಾಜನ ಪಪ್ಪಾ,

ಮಂಡಿನೋವು ಹೇಗುಂಟು? ಅಲ್ಲಿ ವಿಪರೀತ ಸೆಕೆ ಎಂದು ಟಿವಿಯಲ್ಲಿ ತೋರಿಸಿದರು. ಬಿಪಿ ಮಾತ್ರೆ ಬಿಡಬೇಡಿ. ನಾನೂ ಧನರಾಜನೂ ಸೌಖ್ಯ. ಪಕ್ಕದ ಮನೆಯ ಇಮ್ತಿಯಾಝ್ ರಜೆ ಮುಗಿಸಿ ಶಾರ್ಜಾಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದವನ್ನೂ ಸ್ವಲ್ಪ ಒಣಸಿಗಡಿ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಮದುವೆಯ ದಿನ ನೀವು "ಎಲ್ಲ ಆಯಿತಾ?" ಎಂದು ಮೆಸೇಜ್ ಹಾಕಿದಿರಿ, ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ. ಅಷ್ಟೇ ಬಂತು. ಬೇಸರ ಮಾಡಬೇಡಿ.

ನಮ್ಮ ತೀರಿಹೋದ ಮಗುವಿನ ಮದುವೆ ಚೆನ್ನಾಗಿಯೇ ಆಯಿತು. ಅವಳು ಆ ಲೋಕದಲ್ಲಿ ಬೆಳೆದು ಮದುವೆಯ ವಯಸ್ಸಿಗೆ ಬಂದಿದ್ದಾಳೆ, ಅವಳದ್ದು ಮುಗಿಯದೆ ತಮ್ಮನಿಗೆ ಸಂಬಂಧ ಕೂಡಿಬರುವುದಿಲ್ಲ ಎಂದು ಜೋಯಿಸರು ಕವಡೆ ಇಟ್ಟು ಪ್ರಶ್ನೆ ನೋಡಿ ಹೇಳಿದಾಗ ನಾನು ಎಂತದೂ ಯೋಚಿಸಲಿಲ್ಲ, ಆಗಲಿ ಎಂದೆ. ನಿಮ್ಮ ಅಣ್ಣ ಸರ್ವೋತ್ತಮಣ್ಣ ವಾಟ್ಸಾಪಿನಲ್ಲೇ ಹುಡುಗನನ್ನು ಹುಡುಕಿದರಲ್ಲ, ಕಾಪುವಿನ ಜಿತೇಂದ್ರ, ಆರು ವರ್ಷಕ್ಕೇ ಜ್ವರದಲ್ಲಿ ಹೋದವನು. ಒಳ್ಳೆಯ ಜನ. ಮದುವೆಯಾಗದವರು ಇದನ್ನು ನೋಡಬಾರದೆಂದು ಧನರಾಜನನ್ನು ಕಾರ್ಕಳಕ್ಕೆ, ಅವನ ದೋಸ್ತಿ ಡೆರಿಕ್‌ನ ಮನೆಗೆ ಕಳಿಸಿದೆವು.

ನೀವು ಕೊಡಿಸಿದ ಮಿಕ್ಸಿಯಲ್ಲಿ ಮಸಾಲೆ ಬೆಣ್ಣೆಯ ಹಾಗೆ ಅರೆಯುತ್ತದೆ. ಕೋಳಿಸುಕ್ಕ, ನೀರುದೋಸೆ, ಪಾಯಸ ಎಲ್ಲ ನಾನೇ ಮಾಡಿದೆ. ಆದರೆ ಉಪ್ಪು ಸರಿ ಉಂಟೋ ಇಲ್ಲವೋ ನನಗೆ ತಿಳಿಯಲಿಲ್ಲ, ನಾಲಗೆಯೇ ನನ್ನದಲ್ಲ ಎಂಬ ಹಾಗೆ. ಸರ್ವೋತ್ತಮಣ್ಣನ ಹೆಂಡತಿ, ಅಕ್ಕನೇ ರುಚಿ ನೋಡಿದರು. ಮೊಬೈಲನ್ನು ತಂಬಿಗೆಗೆ ಒರಗಿಸಿ ಇಟ್ಟಿದ್ದೆವು. ಧಾರೆಯ ಹೊತ್ತಿಗೆ ನೆಟ್‌ವರ್ಕ್ ಹೋಗಿ ನಿಮ್ಮ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಒಂದು ಮಣೆಯಲ್ಲಿ ಅವಳ ಸೀರೆ, ಇನ್ನೊಂದರಲ್ಲಿ ಅವನ ಪಂಚೆ. ನಿಮ್ಮ ಬದಲು ಸರ್ವೋತ್ತಮಣ್ಣ ನೀರು ಎರೆದರು. ಅಳು ಬರಲಿಲ್ಲ. ಸೀರೆಯ ಮಡಿಕೆ ಓರೆಯಾಗಿದೆ ಎಂದು ಮಾತ್ರ ನೋಡುತ್ತಿದ್ದೆ.

ಆಮೇಲೆ ಹುಡುಗನ ತಾಯಿ ನನ್ನ ಬಳಿ ಬಂದು ಕುಳಿತರು. ಅವನು ಹುರಿದ ಮೀನಿಲ್ಲದೆ ಅನ್ನ ಮುಟ್ಟುತ್ತಿರಲಿಲ್ಲವಂತೆ. "ನಿಮ್ಮ ಹುಡುಗಿಗೆ ಎಂತ ಇಷ್ಟ? ಇನ್ನು ನಮ್ಮಲ್ಲಿ ಬಡಿಸುವುದಲ್ವಾ" ಎಂದು ಕೇಳಿದರು. ನಾಲ್ಕು ಹನಿ ಹಾಲು ಬಿಟ್ಟರೆ ಅವಳ ಬಾಯಿಗೆ ಏನು ಹೋಗಿತ್ತು? ಆದರೂ "ಬಂಗುಡೆ ಪುಳಿಮುಂಚಿ" ಎಂದೆ. "ಖಾರ ಆಗುತ್ತದಾ?" ಎಂದರು. "ಆಗುತ್ತದೆ, ನನ್ನ ಹಾಗೆಯೇ" ಎಂದೆ. ಅವರು ನನ್ನ ಕೈ ಹಿಡಿದು "ನಾನು ನೋಡಿಕೊಳ್ಳುತ್ತೇನೆ ಮಾರಾಯ್ತಿ" ಎಂದರು. ಆ ಕೈ ಬೆಚ್ಚಗಿತ್ತು. ಆ ದಿನದಲ್ಲಿ ನನಗೆ ತಿಳಿದದ್ದು ಅದೊಂದೇ.

ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅವರು ಕಾರಿನಲ್ಲಿ ಹೋದರು. ನಾನು ಪಾತ್ರೆ ತೊಳೆದೆ. ನಿನ್ನೆ ತೀರಿಹೋದ ಹಿರಿಯರಿಗೆ ಆಟಿಯ ಎಡೆ ಬಡಿಸುವಾಗ ಅಭ್ಯಾಸಬಲದಿಂದ ಅವಳ ಚಿಕ್ಕ ಎಲೆಯನ್ನೂ ಹಾಕಿದ್ದೆ. "ಇನ್ನು ಅದು ಬೇಡ, ಅವಳು ಆ ಮನೆಯವಳು" ಎಂದು ಅಕ್ಕ ಮೆಲ್ಲಗೆ ತೆಗೆದರು. ಸರಿಯೇ. ಎಲ್ಲ ತಾಯಂದಿರಿಗೂ ಹೀಗೆಯೇ ಅಲ್ವಾ.

ಧನರಾಜನಿಗೆ ಉದ್ಯಾವರದ ಕಡೆಯಿಂದ ಒಂದು ಸಂಬಂಧ ಬಂದಿದೆ, ಫೋಟೋ ಅವನೇ ಕಳಿಸುತ್ತಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಹಾಲಕ್ಷ್ಮಿ ಅಮ್ಮ ನಿಮ್ಮನ್ನು ಜೋಪಾನವಾಗಿ ಇಡಲಿ.

ನಿಮ್ಮ
ಸುಗಂಧಿ

ಮರೆತೆ, ಇಮ್ತಿಯಾಝ್ ಬಾಗಿಲಲ್ಲಿ ನಿಂತಿದ್ದಾರೆ: ಧಾರೆಗೆ ಹುಡುಗಿಯ ಹೆಸರು ಬೇಕೆಂದರು. ನಾವು ಇಟ್ಟೇ ಇರಲಿಲ್ಲವಲ್ಲ. ನಿಮ್ಮನ್ನು ಕೇಳೋಣವೆಂದರೆ ಫೋನು ನಿಂತಿತ್ತು. ಕಾವ್ಯ ಎಂದೆ. ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡಾಗಲೇ ಮನಸ್ಸಿನಲ್ಲಿ ಹಾಗೆ ಕರೆದಿದ್ದೆ, ಯಾರಿಗೂ ಹೇಳಿರಲಿಲ್ಲ. ನೀವೂ ಒಮ್ಮೆ ಬಾಯಿಬಿಟ್ಟು ಕರೆಯಿರಿ. ರೂಮಿನಲ್ಲಿ ಯಾರೂ ಇಲ್ಲದಾಗ ಆದರೂ ಸಾಕು.