ಒಂದಕ್ಕೆ ಮೇಲೆ, ಉಳಿದದ್ದಕ್ಕೆ ಕೆಳಗೆ

ಡೊಂಬಿವಲಿ ಪೂರ್ವ
೯ ಫೆಬ್ರವರಿ ೨೦೨೫

ಪ್ರೀತಿಯ ವಾರಿಜಾ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬಾಕಿ. ಬಯ್ಯಬೇಡ ಎನ್ನುವುದಿಲ್ಲ, ಬಯ್ದು ಮುಗಿಸಿ ಮುಂದೆ ಓದು. ನೀನು ಕಳಿಸಿದ ಕವನ ಸಂಕಲನದ ಹನ್ನೊಂದನೆಯ ಪುಟದಲ್ಲೇ ನಿಂತಿದ್ದೇನೆ. ಮೂರು ವಾರಗಳಿಂದ ಈ ಮನೆಯಲ್ಲಿ ಒಂದೇ ಪಾರಾಯಣ: ಮೋಟಾರ್‌ಸೈಕಲ್ಲಿನ ಗೇರು.

ನಮ್ಮ ಬೈಕನ್ನು ನೀನು ನೋಡಿದ್ದೀ, ಮಗ ಅಕ್ಷಿತ್ ಹುಟ್ಟುವುದಕ್ಕೂ ಮೊದಲಿನದು. ಒಂದನೇ ಗೇರಿಗೆ ಕೆಳಗೆ ತುಳಿಯಬೇಕು, ಉಳಿದ ಮೂರಕ್ಕೆ ಪಾದದಿಂದ ಮೇಲೆತ್ತಬೇಕು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಕಳೆದ ತಿಂಗಳು ಒಂದು ಭಾನುವಾರ ಇವರು ಅದನ್ನು ದಯಾನಂದನ ಗ್ಯಾರೇಜಿಗೆ ಒಯ್ದು, ಗೇರಿನ ಯಾವುದೋ ತುಂಡು ಬಿಚ್ಚಿಸಿ, ತಿರುಗಿಸಿ ಹಾಕಿಸಿಕೊಂಡು ಬಂದರು. ಈಗ ಎಲ್ಲ ಉಲ್ಟಾ. ಯಾಕೆ ಎಂದರೆ, ರೇಸಿನವರೆಲ್ಲ ಹೀಗೇ ಮಾಡುವುದಂತೆ. ಐವತ್ತಾರರ ಸ್ಟೋರ್‌ಕೀಪರ್, ಎಂಐಡಿಸಿಯ ಕಾರ್ಖಾನೆಗೆ ಎರಡೂವರೆ ಕಿಲೋಮೀಟರ್ ದಾರಿ, ಅದರಲ್ಲಿ ಅರ್ಧ ಗುಂಡಿ. ಯಾವ ರೇಸು ಮಾರಾಯ್ತಿ?

ಮಗನಿಗೆ ಒಂದು ಮಾತು ಹೇಳಲಿಲ್ಲ. ಸೋಮವಾರ ಸ್ಟೇಷನ್ನಿಗೆ ತಡವಾಯಿತೆಂದು ಅವನು ಬೈಕ್ ತೆಗೆದುಕೊಂಡು ಹೋದ. ಒಂದನೇ ಗೇರೆಂದು ತುಳಿದದ್ದು ಎರಡಕ್ಕೆ ಬಿದ್ದಿತ್ತು. ಮುದಿ ಗಾಡಿ ನರಳಿಕೊಂಡು ಹೇಗೋ ಹೊರಟಿತು. ನಾಲ್ಕು ರಸ್ತೆ ಸೇರುವ ನಾಕಾದ ಹತ್ತಿರ ಎರಡಕ್ಕೆಂದು ಎತ್ತಿದಾಗ ಒಂದಕ್ಕೆ ಬಂತು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ನಿಂತಿತು, ಹಿಂದಿದ್ದ ರಿಕ್ಷಾ ತಗಲಿತು. ಮೊಣಕೈ ಚರ್ಮ ಹೋಗಿದೆ, ಮೂಳೆ ಸರಿಯಿದೆ.

ಇವರು ಅವನಿಗೇ ಗದರಿದರು. ಟ್ಯಾಂಕಿನ ಮೇಲೆ ಬರೆದು ಅಂಟಿಸಿದ್ದೆನಲ್ಲ ಎಂದರು. ಅಂಟಿಸಿದ್ದು ಹೌದು, ಕನ್ನಡದಲ್ಲಿ: "ಒಂದಕ್ಕೆ ಮೇಲೆ, ಉಳಿದದ್ದಕ್ಕೆ ಕೆಳಗೆ." ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಅಕ್ಷಿತ್‌ಗೆ ಕನ್ನಡ ಓದಲು ಬರುವುದಿಲ್ಲ. ಕನ್ನಡ ಎಂ.ಎ. ತಾಯಿಯ ಮಗ, ನಗು ಬೇಕಾದರೆ.

"ಮಲಾ ವಾಟ್ಲಂ ದೇವಾಚಂ ನಾವ್ ಆಹೇ," ಎಂದ ಮರಾಠಿಯಲ್ಲಿ. ದೇವರ ಹೆಸರೆಂದುಕೊಂಡು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹೊರಟಿದ್ದನಂತೆ.

ನನಗೆ ತಡೆಯಲಾಗಲಿಲ್ಲ. "ಯಾರಿಗೆ ಬರೆದದ್ದು ನೀವು? ಈ ಮನೆಯಲ್ಲಿ ಅದನ್ನು ಓದುವವರು ಇಬ್ಬರೇ. ನಾನಂತೂ ಬೈಕ್ ಓಡಿಸುವುದಿಲ್ಲ," ಎಂದೆ. ಇವರು ಚಪ್ಪಲಿ ಹಾಕಿಕೊಂಡು ಕೆಳಗಿಳಿದು ಹೋದರು. ಅದು ಇವರ ಹಳೇ ಉತ್ತರ.

ಬಗ್ಗಿದ ಫುಟ್‌ರೆಸ್ಟ್ ಸರಿಮಾಡಿಸಲು ಗಾಡಿ ಗ್ಯಾರೇಜಿನಲ್ಲಿತ್ತು. ದಯಾನಂದನಿಗೂ ನಾಲ್ಕು ಮಾತು ಬಿಡೋಣವೆಂದು ಹೋದೆ. ಕಾರ್ಕಳ ಕಡೆಯವನು, ನನ್ನನ್ನು ಅಕ್ಕಾ ಎನ್ನುತ್ತಾನೆ. ನಾನು ಬಿಟ್ಟ ಮಾತನ್ನೆಲ್ಲ ಕೇಳಿಸಿಕೊಂಡು ಕೈ ಒರೆಸಿಕೊಂಡ.

"ನಿಮ್ಮ ಹತ್ರ ಹೇಳ್ಬೇಡ ಅಂದಿದ್ರು ಭಾವ. ದೀಪಾವಳಿ ಆದ್ಮೇಲೆ ಒಂದಿನ ಇಲ್ಲೇ ಗಾಡಿ ಮೇಲೆ ಕೂತು, ಒಂದನೇ ಗೇರು ಯಾವ ಕಡೆ ಮಾರಾಯ ಅಂತ ಕೇಳಿದ್ರು. ನಾನು ತಮಾಷೆ ಅಂದ್ಕೊಂಡೆ. ಮತ್ತೂ ಎರಡು ಸಲ ಕೇಳಿದ್ರು ಅಕ್ಕಾ."

ಇವರು ಹತ್ತೊಂಬತ್ತರ ವಯಸ್ಸಿನಲ್ಲಿ ಊರಿನಲ್ಲಿ ಕಲಿತ ಗಾಡಿಯ ಗೇರು ಹಾಗಿತ್ತಂತೆ, ಒಂದಕ್ಕೆ ಮೇಲೆ. ಕಾಲು ಈಗ ಅದನ್ನೇ ಹುಡುಕುತ್ತದೆ. ನಡುವಿನ ಇಪ್ಪತ್ತಾರು ವರ್ಷ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಗಾಡಿಯನ್ನೇ ಕಾಲಿಗೆ ಸರಿಯಾಗಿ ತಿರುಗಿಸಿಕೊಂಡರು. ಟ್ಯಾಂಕಿನ ಮೇಲಿನ ಚೀಟಿ ಮಗನಿಗಲ್ಲ, ತಮಗೇ ಬರೆದುಕೊಂಡದ್ದು.

ನನಗೆ ಮೊದಲು ಬಂದದ್ದು ಸಿಟ್ಟು, ಇವರ ಮರೆವಿನ ಸುದ್ದಿ ನನಗಿಂತ ಮೊದಲು ಮೆಕ್ಯಾನಿಕನಿಗೆ ಗೊತ್ತಾಯಿತಲ್ಲ ಎಂದು. ನಾಚಿಕೆ ಆಮೇಲೆ. ಮುಂದಿನ ಗುರುವಾರ ಠಾಣೆ ನಗರದಲ್ಲಿ ನರರೋಗದ ಡಾಕ್ಟರರ ಬಳಿ ಸಮಯ ಸಿಕ್ಕಿದೆ. ಬಿ.ಪಿ. ತೋರಿಸಲು ಎಂದು ಹೇಳಿ ಒಪ್ಪಿಸಿದ್ದೇನೆ. ಗಾಡಿ ರಿಪೇರಿಯಾಗಿ ಬಂದಿದೆ, ಮನೆ ತಣ್ಣಗಿದೆ.

ನಿನ್ನ ಮಗಳು ರಮಿತಾಳ ಪರೀಕ್ಷೆ ಚೆನ್ನಾಗಿ ಆಗಲಿ. ಅವಳ ತಲೆ ಮುಟ್ಟಿ ನನ್ನ ಹೆಸರಿನಲ್ಲೂ ಹರಸು. ನೀನು ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಸುಗುಣಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಅಂದು ಗ್ಯಾರೇಜಿನಲ್ಲಿ ನಾನು ದಯಾನಂದನಿಗೆ, ಗೇರು ಹಿಂದಿನಂತೆಯೇ ಮಾಡಿಬಿಡು, ಭಾವನಿಗೆ ಹೇಳಬೇಡ ಎಂದೆ. ಚೀಟಿ ನಾನೇ ಕಿತ್ತೆ. ಅಕ್ಷಿತ್‌ಗೆ ಮಾತ್ರ ತಿಳಿಸಿದೆ. ಇವರು ರಸ್ತೆಗೆ ಇಳಿಯುವುದು ನಿಲ್ಲಬೇಕಿತ್ತು. ನಿಲ್ಲಿಸಿ ಎಂದು ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಇಂದು ಬೆಳಿಗ್ಗೆ ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಗಾಡಿ ಶುರು ಮಾಡಿ, ಒಂದನೇ ಗೇರೆಂದು ಮೇಲೆತ್ತಿದರು. ಎರಡಕ್ಕೆ ಬಿದ್ದು ಎಂಜಿನ್ ನಿಂತಿತು. ಮತ್ತೆ ನಿಂತಿತು. ಮೂರನೆಯ ಸಲ ಬಹಳ ಹೊತ್ತು ಕಾಲನ್ನೇ ನೋಡಿದರು. ಮೇಲೆ ಬಂದು ಕೀಲಿಯನ್ನು ಮಗನ ಕೈಗೆ ಕೊಟ್ಟು ನನ್ನ ಕಡೆ ತಿರುಗಿ, "ಕಲಿತದ್ದೂ ಹೋಯ್ತು ಸುಗುಣಾ," ಎಂದರು. ಹೋಗಿಲ್ಲ, ನೀವು ಸರಿಯಾಗಿಯೇ ಎತ್ತಿದ್ದೀರಿ ಎನ್ನಬಹುದಿತ್ತು. ಚಾ ಇಡಲಾ ಎಂದು ಕೇಳಿದೆ.