ಹದಿನಾರೂವರೆ ಇಂಚಿನ ಗೀಟು

ನವೆಂಬರ್ 3, ಬೆಳಿಗ್ಗೆ

ಕಾಫಿ ಆಯಿತು. ನಾಯಿಗೆ ಹಾಕಿದ್ದಾಯಿತು. ಹೆಂಡತಿ ಲವಾನ್‌ಳ ರೈಫಲ್ಲಿನ ಕೆಲಸವೂ ಮುಗಿಯಿತು. ನಳಿಗೆಯ ಮುಂತುದಿಯನ್ನು ಹ್ಯಾಕ್ಸಾದಲ್ಲಿ ಕುಯ್ದೆ. ಭುಜದ ಆಪರೇಷನ್ ಆದಾಗಿನಿಂದ ಅವಳು ಬಂದೂಕು ಎತ್ತಿದರೆ ಅದು ಮುಂದಕ್ಕೆ ಜೋಲುತ್ತದೆ. ಹೋದ ವರ್ಷ ಎದುರಿಗೇ ನಿಂತಿದ್ದ ಜಿಂಕೆ ಅವಳ ಗುಂಡಿಗೆ ತಪ್ಪಿತು. ಈ ಸಲ ಬೇಟೆ ಸೀಸನ್ನಿನ ಮೊದಲ ದಿನ ಅವಳು ಅಟ್ಟಣೆಯ ಮೇಲೆ ನನ್ನ ಪಕ್ಕ ಇರಲೇಬೇಕು. ಮದುವೆಯಾದಾಗಿನಿಂದ ತಪ್ಪಿಸಿಲ್ಲ.

ನಳಿಗೆ ಹದಿನಾರು ಇಂಚಿಗಿಂತ ಗಿಡ್ಡವಾದರೆ ಅಪರಾಧ, ಗೊತ್ತು. ಅದಕ್ಕೇ ಹದಿನಾರೂವರೆ. ಟೇಪಿನ ಬುಡ ನಾನು ಒತ್ತಿ ಹಿಡಿದೆ. ಅವಳು ಅಂಕಿ ಓದಿ ಚಾಕ್‌ಪೀಸಿನಲ್ಲಿ ಗೀಟು ಹಾಕಿದಳು. ಈ ಮನೆ ಕಟ್ಟಿದ್ದೂ ಹೀಗೆಯೇ.

ನವೆಂಬರ್ 5

ನಳಿಗೆ ನಾನೇ ಕುಯ್ದೆನೆಂದು ಬಂದೂಕಿನ ಅಂಗಡಿಯ ಕ್ಲೀಟಸ್ ಹತ್ತಿರ ಜಂಬ ಕೊಚ್ಚಿದೆ.

"ಅಳೆದಿದ್ದು ಹೆಂಗೆ ಮಾರಾಯ? ಹೊರಗಿಂದ ಅಳೆದ್ರೆ ಲೆಕ್ಕಕ್ಕಿಲ್ಲ. ಹಿಂದೆ ಗುಂಡು ತುಂಬೋ ಬಾಗಿಲು, ಬೋಲ್ಟು, ಅದನ್ನ ಮುಚ್ಚು. ನಳಿಗೆ ಬಾಯಿಂದ ಒಳಕ್ಕೆ ಕೋಲು ಬಿಡು, ಬೋಲ್ಟಿಗೆ ತಾಗೋವರೆಗೆ. ಅದು ಉದ್ದ."

ಮನೆಗೆ ಬಂದು, ಬಂದೂಕಿನಲ್ಲಿ ಗುಂಡಿಲ್ಲವೆಂದು ನೋಡಿಕೊಂಡು ಕೋಲು ಬಿಟ್ಟೆ. ಹದಿನೈದೂವರೆ. ಮತ್ತೆ ಬಿಟ್ಟೆ... ಹದಿನೈದೂವರೆಯೇ. ಒಂದು ಇಂಚು ಎಲ್ಲಿ ಹೋಯಿತು? ನಾನೇನು ಕುಡಿದಿದ್ದೆನೇ?

ನವೆಂಬರ್ 6

"ಒಬ್ಬ ಗೆಳೆಯನ ನಳಿಗೆ ಗಿಡ್ಡ ಆಗಿದೆ" ಅಂದೆ.

ಕ್ಲೀಟಸ್ ನಕ್ಕ. "ನಿನ್ನ ಗೆಳೆಯಂಗೆ ಹೇಳು, ಅಂಥದ್ದು ಬೇಕಿದ್ರೆ ಮೊದಲು ಸರ್ಕಾರದ ಅನುಮತಿ, ಆಮೇಲೆ ಗರಗಸ. ಕುಯ್ದು ಆಮೇಲೆ ಕೇಳೋ ಹಂಗಿಲ್ಲ. ಹತ್ತು ವರ್ಷದವರೆಗೂ ಒಳಗೆ ಹಾಕಬಹುದು."

"ಮುಂದೆ ಒಂದು ತುಂಡು ಸೇರಿಸಿದ್ರೆ?"

"ತಿರುಪು ಹಾಕಿದ್ರೆ ಲೆಕ್ಕಕ್ಕಿಲ್ಲ. ಬಿಚ್ಚೋಕಾಗದ ಹಂಗೆ ವೆಲ್ಡ್ ಆದ್ರೆ ಲೆಕ್ಕಕ್ಕುಂಟು. ಆದ್ರೆ ಅದನ್ನ ನನ್ನ ಬಾಗಿಲಿಗೆ ತರಬೇಡ ಪುಣ್ಯಾತ್ಮ. ನಳಿಗೆ ಬಿಚ್ಚಿ ಚೂರು ಮಾಡು."

ಅವನ ಗಾಜಿನ ಪೆಟ್ಟಿಗೆಯಲ್ಲಿ ನೋಡಲು ರೈಫಲ್ಲಿನಂಥದ್ದೇ, ಗೇಣುದ್ದದ ನಳಿಗೆಯದೊಂದು ಇತ್ತು. ಕೇಳಿದೆ. ಅದು ಪಿಸ್ತೂಲಂತೆ, ತಪ್ಪಿಲ್ಲವಂತೆ! ಶಾಟ್‌ಗನ್ನಿಗೆ ಹದಿನೆಂಟು, ರೈಫಲ್ಲಿಗೆ ಹದಿನಾರು, ಇಡೀ ಬಂದೂಕು ಇಪ್ಪತ್ತಾರು... ತಲೆ ಮೊಸರುಗಡಿಗೆ ಆಯಿತು. ಈ ಕಾನೂನು ಬರೆದವರು ಒಂದು ದಿನವಾದರೂ ಜಿಂಕೆಗೆ ಕಾದಿದ್ದಾರೋ ಇಲ್ಲವೋ.

ಈ ವಯಸ್ಸಿನಲ್ಲಿ ಜೈಲು. ಅವಳಿಗೆ ಇನ್ನೂ ಹೇಳಿಲ್ಲ.

ನವೆಂಬರ್ 10

ಹೇಳಿದೆ. ತಪ್ಪು ಎಲ್ಲಾಯಿತೋ ನೋಡೋಣ, ಅವತ್ತಿನ ಹಾಗೇ ಇನ್ನೊಮ್ಮೆ ಅಳೆಯೋಣ ಅಂದೆ. ಅಡುಗೆಮನೆ ಮೇಜಿನ ಮೇಲೆ ಟೇಪು ಹಾಸಿದೆ. ಬುಡ ನಾನು ಹಿಡಿದೆ.

"ಹದಿನಾರೂವರೆ ಎಲ್ಲಿ, ಓದು."

ಬಗ್ಗಿದಳು. ತಲೆ ಓರೆ ಮಾಡಿದಳು. "ಹದಿನಾರೂವರೆ" ಅಂದಳು.

ಅವಳ ಹೆಬ್ಬೆರಳು ಇಪ್ಪತ್ತೊಂದರ ಮೇಲಿತ್ತು.

ಸಿಟ್ಟು ಬರಬೇಕಿತ್ತು. ಹೆದರಿಕೆ ಬಂತು.

"ಯಾವಾಗಿಂದ?"

"ಹೋದ ವರ್ಷದಿಂದ. ಪಕ್ಕದಲ್ಲಿರೋದು ಕಾಣುತ್ತೆ ಓರಿನ್. ನೆಟ್ಟಗೆ ನೋಡಿದ್ದು ಕಾಣಲ್ಲ. ನಡುವೆ ಹೊಗೆ ಕೂತಂಗಿದೆ."

"ಹಂಗಾದ್ರೆ ಆ ಜಿಂಕೆ?"

"ಭುಜ ಭುಜ ಅಂತ ನೀನೇ ಬಡ್ಕೊಂಡೆ. ನಾನು ಹೂಂ ಅಂದೆ. ಕಣ್ಣು ಅಂದಿದ್ರೆ ನೀನು ನನ್ನ ಮನೇಲಿ ಕೂರಿಸ್ತಿದ್ದೆ."

"ಕಾಣದೇ ಬಂದೂಕು ಹಿಡೀತಿದ್ಯೇನೇ, ದಡ್ಡಿ?"

"ಈ ಸಲ ಗುಂಡು ಹಾಕ್ತಿರಲಿಲ್ಲ. ನಿನ್ನ ಪಕ್ಕ ಕೂರೋಕೆ ಕೈಲೊಂದು ಬಂದೂಕು ಬೇಕಿತ್ತು ಅಷ್ಟೆ."

ಟೇಪು ಸುತ್ತಿಟ್ಟೆ. ಇಷ್ಟು ದಿನ ಬೋಲ್ಟು, ತಿರುಪು, ಇಂಚು ಅಂತ ಒದ್ದಾಡಿದೆ. ಮನೆಯೊಳಗೆ ಏನಾಗಿದೆ ಗೊತ್ತಾಗಲಿಲ್ಲ.

ನವೆಂಬರ್ 12

ನಳಿಗೆ ಬಿಚ್ಚಿ ಚೂರು ಮಾಡಿದೆ. ಅವಳ ಅಪ್ಪ ಕೊಟ್ಟ ಬಂದೂಕು. ಉಳಿದ ಮರದ ಹಿಡಿಯನ್ನು ಅವಳು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗರಗಸ ನಿಲ್ಲುವವರೆಗೂ ಎದ್ದು ಹೋಗಲಿಲ್ಲ. ಕಣ್ಣಿನ ಡಾಕ್ಟರು ಶುಕ್ರವಾರ ಬನ್ನಿ ಅಂದಿದ್ದಾರೆ.

ನವೆಂಬರ್ 24, ಬೆಳಕು ಹರಿಯುವಾಗ, ಅಟ್ಟಣೆ

ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಸೀಸನ್ ಶುರು. ಬಂದೂಕು ನನ್ನದೊಂದೇ. ಅವಳು ಕಿತ್ತಳೆ ಬಣ್ಣದ ಬೇಟೆ ಟೋಪಿ ಹಾಕಿಕೊಂಡು, ಫ್ಲಾಸ್ಕ್ ತಬ್ಬಿಕೊಂಡು ಪಕ್ಕದಲ್ಲಿ. ಮರೆತುಹೋಗುವ ಮುಂಚೆ ಬರೆಯೋಣವೆಂದು ಪೆನ್ಸಿಲ್ ತೆಗೆದೆ. ಮೊಣಕೈಯಲ್ಲಿ ತಿವಿದಳು.

"ಎಲೆ ಸದ್ದು. ಬಂತು. ಗಂಡೇನೋ?"

ಗಂಡೇ. ಓಕ್ ಮರದಡಿ. ಬಂದೂಕು ಎತ್ತಲಿಲ್ಲ.

"ಕೊಂಬಿಗೆ ಎಷ್ಟು ಕವಲು? ಓದು" ಅಂದಳು.

ಎಡಕ್ಕೆ ನಾಲ್ಕು ಅಂದೆ. ಬಲಕ್ಕೆ...