ಎರಡು ಎಲೆ ಬಾಕಿ ಇರುವಾಗಲೇ

ಪ್ರೀತಿಯ ಮಾವನಿಗೆ,

ಭಾನುವಾರ ಪೋಕರ್‌ನಲ್ಲಿ ನಿನ್ನನ್ನು ಸೋಲಿಸಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನೇ ನನ್ನನ್ನು ಹೊಲಿಗೆ ಅಂಗಡಿಯಿಂದ ಆಚೆಗೆ ಅಟ್ಟುತ್ತೀಯ. ಅಂಗಡಿಯಲ್ಲಿ ಬಟ್ಟೆ ತೀಡುವ ಇಸ್ತ್ರಿಯಣ್ಣ ಮಾತ್ರ ಬಾಗಿಲಲ್ಲೇ ತಡೆದು, "ಒಂದಾಟ ಸೋತು ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ?" ಎಂದು ಬೈದ. ನಾವು ಆಡುವುದೇ ಹಳೇ ಕೋಟಿನ ಗುಂಡಿಗಳನ್ನಿಟ್ಟು, ಗಂಟೆಲ್ಲಿಂದ ಬಂತು! ಸೋತು ಕೊಡುವುದನ್ನು ನೀನು ನನಗೆ ಕಲಿಸಲೇ ಇಲ್ಲ.

ಕಲಿಸಿದ್ದು ಲೆಕ್ಕ. ಮೊದಮೊದಲು ನಾನು ಮೇಜಿನ ಕೆಳಗೆ ಬೆರಳು ಮಡಚುತ್ತಿದ್ದೆ. ನೀನು ಅಳತೆ ಟೇಪಿನಿಂದ ಮೆಲ್ಲಗೆ ಹೊಡೆದು, ಬೆರಳು ಮಡಚಿದರೆ ಎದುರಿನವನಿಗೆ ನಿನ್ನ ಎಲೆ ಕಂಡ ಹಾಗೆಯೇ ಎನ್ನುತ್ತಿದ್ದೆ. ಆಮೇಲೆ ಹೊಲಿಗೆ ಯಂತ್ರ ತುಳಿಯುತ್ತಲೇ ಪ್ರಶ್ನೆ ಎಸೆಯುವುದು ಶುರುವಾಯಿತು. ಮೇಜಿನ ಮೇಲೆ ಮೂರು ಎಲೆ ತೆರೆದಿವೆ, ಕೈಯದೂ ಸೇರಿ ನಾಲ್ಕು ಕೆಂಪು ಆಟೀನು ಕಾಣುತ್ತಿವೆ, ಗೆಲ್ಲಿಸುವ ಐದನೆಯದು ಬರುವ ಸಾಧ್ಯತೆ ನೂರಕ್ಕೆಷ್ಟು? ಸೂಜಿ ಅಂಚು ಮುಟ್ಟುವುದರೊಳಗೆ ಉತ್ತರ ಬರಬೇಕು. ಕಟ್ಟಿನ ಹದಿಮೂರು ಆಟೀನಿನಲ್ಲಿ ನಾಲ್ಕು ಕಳೆದರೆ ಒಂಬತ್ತು. ಇನ್ನೂ ಎರಡು ಎಲೆ ತೆರೆಯಲು ಬಾಕಿಯಿದ್ದರೆ ಅದನ್ನು ನಾಲ್ಕರಿಂದ ಗುಣಿಸು, ಒಂದೇ ಬಾಕಿಯಿದ್ದರೆ ಎರಡರಿಂದ, ಬಂದದ್ದೇ ನೂರಕ್ಕಿಷ್ಟು. "ಇದನ್ನ ಮರೆತೋನು ಉಟ್ಟ ಬಟ್ಟೇಲೂ ಮನೆಗೆ ಹೋಗಲ್ಲ" ಎಂದು ನೀನು ನಗುತ್ತಿದ್ದೆ. ಗಿರಾಕಿಯ ಪ್ಯಾಂಟು ಹೊಲಿದು ಮುಗಿಯುವಷ್ಟರಲ್ಲಿ ನನಗೆ ಹತ್ತು ಲೆಕ್ಕ ಆಗಿರುತ್ತಿತ್ತು.

ಭಾನುವಾರ ಮೇಜಿನ ಮೇಲೆ ನಾಲ್ಕು ಎಲೆ ತೆರೆದಿದ್ದವು. ಬಾಕಿ ಇದ್ದದ್ದು ಒಂದೇ. ನಿನ್ನ ತುಟಿ ಅಲ್ಲಾಡಿತು. "ಒಂಬತ್ನಾಲ್ಕಲೆ ಮೂವತ್ತಾರು" ಎಂದು ಗೊಣಗಿ ಗುಂಡಿಗಳನ್ನೆಲ್ಲ ಮುಂದಕ್ಕೆ ತಳ್ಳಿದೆ. ಮಾವ, ನೀನು ನನ್ನನ್ನು ಯಾಮಾರಿಸಲು ಹಾಗೆ ಮಾಡಿದ್ದರೆ ಸಂತೋಷಪಡುತ್ತಿದ್ದೆ. ಮೇಜಿನದೂ ಸೇರಿ ನನಗೆ ಮೂರು ರಾಜರಿದ್ದರು, ನಾನೂ ತಳ್ಳಿದೆ. ಕೊನೆಯ ಎಲೆ ಕಪ್ಪಗೆ ಬಂತು. ನೀನು ಅದನ್ನೇ ನೋಡುತ್ತ, ಎಲ್ಲಿ ತಪ್ಪಿತೆಂದು ನನ್ನನ್ನೇ ಕೇಳಿದೆ. ಒಂದೇ ಎಲೆ ಬಾಕಿಯಿತ್ತು, ಒಂಬತ್ತೆರಡಲೆ ಹದಿನೆಂಟು ಎಂದು ನಾನು ಹೇಳಿದೆ. ನೀನು ತಲೆಯಾಡಿಸಿದೆ, ಆದರೆ ನಿನಗೆ ಅರ್ಥವಾಗಿರಲಿಲ್ಲ. ನಿನ್ನ ಸೋಲಿಗಿಂತ ಅದು ನನ್ನನ್ನು ಹೆದರಿಸಿತು.

ಅಂದಿನಿಂದ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ. ಮದುವೆಗಂಡಿನ ಕೋಟಿಗೆ ನೀನು ಎರಡೂ ಎಡ ತೋಳು ಕತ್ತರಿಸಿದ್ದು, ದೀಪದ ಬೆಳಕು ಸರಿಯಿಲ್ಲವೆಂದು ಬೈದದ್ದು. ಚಿಕ್ಕಂದಿನಿಂದ ಕರೆದ ನನ್ನ ಅಡ್ಡಹೆಸರಿಗೆ ಒಂದು ದಿನ ತಡಕಾಡಿದ್ದು. ನಾವೆಲ್ಲ ವಯಸ್ಸಿನ ಮೇಲೆ ಹಾಕಿ ನಕ್ಕುಬಿಟ್ಟೆವು. ಭಾನುವಾರದ್ದನ್ನು ಅತ್ತೆಗೆ ಹೇಳಬೇಡವೆಂದು ನೀನು ಆಣೆ ಹಾಕಿಸಿದೆ, ಹೇಳಿಲ್ಲ. ಆದರೆ ನೀನು ಆ ಮೇಜಿಗೆ ಮತ್ತೆ ಬರುತ್ತಿಲ್ಲ, ಫೋನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ನರರೋಗದ ಡಾಕ್ಟರಲ್ಲಿ ಬುಧವಾರ ಬೆಳಿಗ್ಗೆಗೆ ಸಮಯ ತೆಗೆದುಕೊಂಡಿದ್ದೇನೆ. ಬೇಗ ತೋರಿಸಿದರೆ ಮಾಡುವುದಕ್ಕೆ ಒಂದಿಷ್ಟಿದೆ, ತಡವಾದಷ್ಟೂ ಕಡಿಮೆಯಾಗುತ್ತದೆ ಎಂದರು. ಗುಣವಾಗುವುದು ನೂರಕ್ಕೆಷ್ಟು ಎಂದು ಕೇಳಿದೆ. ನೋಡದೆ ಆ ಲೆಕ್ಕ ಹಾಕಲಾಗದು ಎಂದರು. ನನಗೂ ಈ ಲೆಕ್ಕ ಬರುವುದಿಲ್ಲ. ನೀನು ಬರಲೊಲ್ಲೆ ಎಂದು ಹಟ ಹಿಡಿದರೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತೇನೆ, ಗಿರಾಕಿಗಳೆಲ್ಲ ನೋಡಲಿ.

ಮಾವ, ಇನ್ನೂ ಎರಡು ಎಲೆ ಬಾಕಿ ಇರುವಾಗಲೇ ಹೋಗೋಣ. ನಾಲ್ಕರಿಂದ ಗುಣಿಸುವ ಹೊತ್ತು ಮೀರುವುದು ಬೇಡ.

ಯಾವಾಗಲೂ ನಿನ್ನ ಕಾಲಿಗೆ ಬಿದ್ದು ಹರಸೆನ್ನುವವಳು, ಈ ಸಲ ನಾನೇ ಹರಸುತ್ತಿದ್ದೇನೆ: ನಿನಗೆ ಒಳ್ಳೆಯ ಎಲೆ ಬರಲಿ.

ಬುಧವಾರ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರು.

ನಿನ್ನ ಅಕ್ಕನ ಮಗಳು